ತೊಂಬತ್ತೇಳರ ಅಂಗೈ

ದುಂಡಮ್ಮ ಅಂಗೈಯನ್ನು ಪೆಟ್ಟಿಗೆಯೊಳಗೆ ತೂರಿಸಿದಳು. ಪೆಟ್ಟಿಗೆ ನೀಲಿ ಬೆಳಕು ಚೆಲ್ಲಿ, ಎರಡು ಸಲ ಕುಂಯ್‌ಗುಟ್ಟಿ, ಮೇಲಿನ ಗಾಜಿನಲ್ಲಿ ತೊಂಬತ್ತೇಳು ಎಂಬ ಅಂಕೆ ತೋರಿಸಿತು. ಚಾಮರಾಜನಗರದ ಅಳತೆ ಕೇಂದ್ರದಲ್ಲಿ ಸಾಲುಗಟ್ಟಿ ನಿಂತಿದ್ದವರೆಲ್ಲ ಕತ್ತು ಉದ್ದ ಮಾಡಿ ನೋಡಿದರು. ಎಪ್ಪತ್ತೆರಡು ವರ್ಷದ ಮುದುಕಿ. ಅರ್ಧ ಹಲ್ಲು ಉದುರಿವೆ. ಕಾಯರಸದ ಒಂದು ಹನಿಯನ್ನೂ ನಾಲಿಗೆಗೆ ಸೋಕಿಸುವುದಿಲ್ಲವೆಂದು ಬೀದಿಗೆಲ್ಲ ಗೊತ್ತು. ಆದರೂ ಪ್ರತಿ ತಿಂಗಳು ತೊಂಬತ್ತೇಳು.

ಮೇಜಿನ ಆಚೆ ಕೂತಿದ್ದ ಅವಳ ಸೊಸೆ ರುದ್ರಾಣಿ ಅಂಕೆಯನ್ನು ಬರೆದುಕೊಂಡಳು. ಕಾಗದ ತೂತಾಗುವಷ್ಟು ಒತ್ತಿ ಬರೆದಳು.

“ಬರ್ಕಂಡ್ಯಾ?” ಎಂದಳು ದುಂಡಮ್ಮ, ಸಾಲಿಗೆಲ್ಲ ಕೇಳುವ ಹಾಗೆ. “ಸರ್ಯಾಗಿ ಬರ್ಕ. ನಾಳಕ ಮುದ್ಕಿ ಮೋಸ ಮಾಡುದ್ಲು ಅನ್ನಬ್ಯಾಡ.”

“ಮುಂದಿನವರು ಬನ್ನಿ,” ಎಂದಳು ರುದ್ರಾಣಿ, ತಲೆ ಎತ್ತದೆ.

ಈ ಇಬ್ಬರೂ ಒಂದೇ ಮನೆಯಲ್ಲಿದ್ದರು. ಒಲೆ ಮಾತ್ರ ಎರಡು. ಒಬ್ಬಳು ಇನ್ನೊಬ್ಬಳಿಗೆ ಏನಾದರೂ ಹೇಳಬೇಕಿದ್ದರೆ ನಡುವೆ ಕೂತ ರುದ್ರಾಣಿಯ ಮಗಳು ಇಂಪನಳ ಮುಖ ನೋಡಿ ಹೇಳುತ್ತಿದ್ದರು. ಬೇರೆ ಹೋಗಬಹುದಿತ್ತು, ಹೋಗಲಿಲ್ಲ. ಹುಡುಗಿಯನ್ನು ಮತ್ತೊಬ್ಬಳ ಕೈಗೆ ಬಿಟ್ಟು ಹೋಗುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಪೆಟ್ಟಿಗೆ ಬಂದು ಹದಿನಾರು ವರ್ಷವಾಗಿತ್ತು. ನಾವು ಉಸಿರಾಡುವ ಗಾಳಿಯೇ ಒಳಗೊಳಗೆ ನಮ್ಮನ್ನು ಕಬ್ಬಿಣದ ಹಾಗೆ ತುಕ್ಕು ಹಿಡಿಸುತ್ತದೆ. ನೇರಳೆ, ನೆಲ್ಲಿ, ಕಪ್ಪು ದ್ರಾಕ್ಷಿ, ನುಗ್ಗೆಸೊಪ್ಪು, ಹಸಿರು ಚಹಾ ಇವುಗಳಲ್ಲಿರುವ ಆ್ಯಂಟಿಆಕ್ಸಿಡೆಂಟುಗಳು ಆ ತುಕ್ಕನ್ನು ತಡೆಯುತ್ತವೆ. ಇದು ಹಳೆಯ ವಿಚಾರ, ಸುಳ್ಳೂ ಅಲ್ಲ. ಹೊಸದಾಗಿ ಬಂದದ್ದು ಅಳೆಯುವ ಪೆಟ್ಟಿಗೆ. ತಿಂದ ಸೊಪ್ಪು ಹಣ್ಣುಗಳ ಬಣ್ಣದಲ್ಲಿ ಒಂದು ಪಾಲು ಚರ್ಮಕ್ಕೆ ಬಂದು ಕೂರುತ್ತದೆ. ಅಂಗೈ ಮೇಲೆ ನೀಲಿ ಬೆಳಕು ಬಿಟ್ಟರೆ ಆ ಬಣ್ಣ ಬೆಳಕನ್ನು ನುಂಗುತ್ತದೆ. ಎಷ್ಟು ನುಂಗಿತೋ ಅದೇ ರಕ್ಷಾಂಕ.

ಅಳೆಯಲು ಬಂದಮೇಲೆ ಸುಮ್ಮನಿರುತ್ತಾರೆಯೇ? ಕಾಯರಕ್ಷಾ ಮಂಡಳಿ ಎಂಬುದೊಂದು ಹುಟ್ಟಿತು. ಆರೋಗ್ಯವಂತನ ರಕ್ಷಾಂಕ ಎಪ್ಪತ್ತಕ್ಕೆ ಮೇಲಿರಬೇಕು ಎಂದಿತು. ಅದಕ್ಕಿಂತ ಕಡಿಮೆ ಇದ್ದವನಿಗೆ ಬಸ್ ಪಾಸಿಲ್ಲ, ಸರ್ಕಾರಿ ಕೆಲಸವಿಲ್ಲ, ಆಸ್ಪತ್ರೆಯ ಒಳಗೆ ಹಾಸಿಗೆಯಿಲ್ಲ. ತನ್ನ ಮೈಯನ್ನು ತಾನೇ ನೋಡಿಕೊಳ್ಳದವನನ್ನು ಊರು ಯಾಕೆ ನೋಡಬೇಕು ಎಂಬುದು ಅವರ ವಾದ. ಜನ ಮೂರು ತಿಂಗಳು ಹಸುಗಳ ಹಾಗೆ ಸೊಪ್ಪು ಮೇದರು, ನಲವತ್ತೈದು ದಾಟಲಿಲ್ಲ. ಆಗ ಮಂಡಳಿಯೇ ಹಣ್ಣು ಸೊಪ್ಪುಗಳ ಸತ್ವ ಹಿಂಡಿ, ನೂರು ಪಟ್ಟು ಗಟ್ಟಿ ಮಾಡಿ ಕಾಯರಸ ಎಂಬ ಕಡು ನೇರಳೆ ಪಾನೀಯ ತಂದಿತು. ದಿನಕ್ಕೆ ಎರಡು ಲೋಟ ಎಂದು ಶುರುವಾದದ್ದು ಈಗ ನಾಲ್ಕಕ್ಕೆ ನಿಂತಿತ್ತು.

ರುದ್ರಾಣಿ ಈ ಜಿಲ್ಲೆಯ ಪೆಟ್ಟಿಗೆಗಳಿಗೆಲ್ಲ ಒಡತಿ. ಅವು ಸರಿಯಾಗಿ ಅಳೆಯುತ್ತಿವೆಯೇ ಎಂದು ನೋಡುವುದು, ಕಳ್ಳರನ್ನು ಹಿಡಿಯುವುದು ಅವಳ ಕೆಲಸ. ಅಂಗೈಗೆ ಕ್ಯಾರೆಟ್ ರಸ ಬಳಿದುಕೊಂಡು ಬಂದವರನ್ನು ಹಿಡಿದಿದ್ದಳು. ಅಣ್ಣನ ಹೆಸರಿನಲ್ಲಿ ತಮ್ಮ ಕೈಯಿಟ್ಟದ್ದನ್ನು ಹಿಡಿದಿದ್ದಳು. ಅತ್ತೆಯ ತೊಂಬತ್ತೇಳನ್ನು ಮಾತ್ರ ಹಿಡಿಯಲು ಆಗಿರಲಿಲ್ಲ. ಆ ಪೆಟ್ಟಿಗೆಯನ್ನು ಮೂರು ಸಲ ಬಿಚ್ಚಿ ನೋಡಿದ್ದಳು, ಏನೂ ಸಿಕ್ಕಿರಲಿಲ್ಲ. ನುಗ್ಗೆಸೊಪ್ಪು ಬಸ್ಸಾರು, ರಾಗಿಮುದ್ದೆ ತಿಂದೇ ಅಷ್ಟು ಬರುತ್ತಿರಬೇಕು ಎಂದು ಕೊನೆಗೆ ಒಪ್ಪಿಕೊಂಡಿದ್ದಳು. ಒಪ್ಪಿಕೊಂಡಾಗಿನಿಂದ ಆ ಮುದುಕಿಯ ಮೇಲಿನ ಸಿಟ್ಟು ಇನ್ನೂ ಹೆಚ್ಚಾಗಿತ್ತು.

ಒಂದು ತಿಂಗಳ ಹಿಂದೆ ಹೊಸ ಶೂ ಕಚ್ಚಿ ಇಂಪನಳ ಹಿಮ್ಮಡಿಯಲ್ಲಿ ಸಣ್ಣ ಗಾಯವಾಗಿತ್ತು. ಹದಿನಾಲ್ಕರ ಹುಡುಗಿ, ಶಾಲೆಯ ಖೋಖೋ ತಂಡದಲ್ಲಿ ಓಡುವವಳು. ಅವಳು ಗಮನಿಸಲೂ ಇಲ್ಲ. ವಾರ ಕಳೆದ ಮೇಲೆ ಗಾಯ ಬಾಯಿ ತೆರೆಯಿತು. ನೋವಿಲ್ಲ, ಊತವಿಲ್ಲ, ಕೀವಿಲ್ಲ. ಬೂದು ಬಣ್ಣಕ್ಕೆ ತಿರುಗಿ ತಣ್ಣಗೆ ಹರಡುತ್ತ ಹೋಯಿತು. ರುದ್ರಾಣಿ ಮಗಳಿಗೆ ನಾಲ್ಕು ಲೋಟದ ಜೊತೆಗೆ ಐದನೆಯದನ್ನೂ ಕುಡಿಸತೊಡಗಿದಳು. ರಕ್ಷಾಂಕ ಎಂಬತ್ತನಾಲ್ಕಕ್ಕೆ ಏರಿತು, ಗಾಯವೂ ಅಂಗೈ ಅಗಲವಾಯಿತು.

ಅಳತೆ ಮುಗಿಸಿ ಸಂಜೆ ಮನೆಗೆ ಬಂದಾಗ ಐದನೆಯ ಲೋಟ ಬಚ್ಚಲಲ್ಲಿ ಚೆಲ್ಲಿತ್ತು. ಪಕ್ಕದಲ್ಲಿ ಖಾಲಿ ಲೋಟ ಹಿಡಿದು ದುಂಡಮ್ಮ ನಿಂತಿದ್ದಳು.

“ಇಂಪು, ನಿಮ್ಮಜ್ಜಿಗೆ ಹೇಳು,” ಎಂದಳು ರುದ್ರಾಣಿ, ಮೈಯೆಲ್ಲ ಉರಿಯುತ್ತ. “ಇನ್ನೊಂದು ಸಲ ನಿನ್ನ ಲೋಟ ಮುಟ್ಟಿದ್ರೆ ನಾನು ಮಂಡಳಿಗೆ ದೂರು ಕೊಡ್ತೀನಿ.”

ದುಂಡಮ್ಮ ಈ ಸಲ ಹುಡುಗಿಯ ಮುಖ ನೋಡಲಿಲ್ಲ, ನೇರ ಸೊಸೆಯ ಕಣ್ಣಿಗೇ ಕಣ್ಣಿಟ್ಟಳು. “ಕೊಡವ್ವ, ಕೊಡು. ನನ್ ಮಗನ್ಗೂ ಇಂಗೇ ಲೋಟದ ಮ್ಯಾಲ ಲೋಟ ಕುಡ್ಸುದ್ದೆ. ಬೆರಳ್ಗ ತಗಡು ತಾಕುದ್ದು ಅಷ್ಟೇ. ನಲವತ್ತ ದಿನ್ದಲ್ಲಿ ಮಣ್ಣಿಗಿಟ್ಟು ಬಂದೆ. ಈಗ ಮೊಮ್ಮಗ್ಳು ಬೇಕಾ ನಿಂಗ?”

ರುದ್ರಾಣಿ ಅವಳ ಕೈಯಿಂದ ಲೋಟ ಕಿತ್ತುಕೊಂಡಳು. ಗಂಡ ಮಹಾಲಿಂಗ ಮಂಡಳಿಯ ಜೀಪ್ ಓಡಿಸುತ್ತಿದ್ದವನು. ಆರು ವರ್ಷದ ಹಿಂದೆ ಹೆಬ್ಬೆರಳ ಗೀರಿನಿಂದ ಸತ್ತಿದ್ದ. ಅವನು ಅಮ್ಮನ ಮಾತು ಕೇಳಿ ಕದ್ದುಮುಚ್ಚಿ ಕಾಯರಸ ಚೆಲ್ಲಿದ್ದರಿಂದಲೇ ಸತ್ತ ಎಂದು ರುದ್ರಾಣಿ ನಂಬಿದ್ದಳು. ಆ ನಂಬಿಕೆಯ ಆಸರೆಯಲ್ಲಿ ಆರು ವರ್ಷ ತಲೆ ಎತ್ತಿ ನಡೆದಿದ್ದಳು.

ಮರುದಿನ ಹುಡುಗಿಯನ್ನು ಆಸ್ಪತ್ರೆಗೆ ಸೇರಿಸಿದಳು. ಶಸ್ತ್ರವೈದ್ಯರು ಗಾಯ ನೋಡಿದರು, ರಕ್ಷಾಂಕದ ಚೀಟಿ ನೋಡಿದರು, ತಲೆ ಅಲ್ಲಾಡಿಸಿದರು.

“ಜ್ವರ ಇಲ್ಲ, ಕೀವಿಲ್ಲ. ಎಂಬತ್ತನಾಲ್ಕು ಇರೋ ಮೈಯಲ್ಲಿ ಸೋಂಕು ಇರೋಕೆ ಸಾಧ್ಯವೇ ಇಲ್ಲಮ್ಮ. ಇದು ರಕ್ತನಾಳದ ತೊಂದರೆ. ಡ್ರಿಪ್ ಹಾಕ್ತೀವಿ, ಮುಂದಿನ ಸೋಮವಾರದವರೆಗೆ ನೋಡ್ತೀವಿ. ಹರಡೋದು ನಿಲ್ಲದಿದ್ರೆ ಪಾದ ತೆಗೀಬೇಕಾಗುತ್ತೆ.”

“ಪಾದಾನಾ?”

“ಮಂಡಿವರೆಗೆ ಹೋಗೋದಕ್ಕಿಂತ ಪಾದ ಹೋಗೋದು ವಾಸಿ. ಆಮೇಲೆ ನೋಡಿ, ರಕ್ಷಾಂಕ ಎಪ್ಪತ್ತಕ್ಕಿಂತ ಇಳೀದಂತೆ ನೋಡ್ಕೊಳ್ಳಿ. ದಿನಾ ಬೆಳಿಗ್ಗೆ ಅಳೀತಾರೆ. ಇಳಿದ್ರೆ ಡ್ರಿಪ್ ತೆಗೆದು ಹೊರಸಾಲಿಗೆ ಹಾಕ್ತಾರೆ, ಆಗ ನನ್ನ ಕೈಲೂ ಏನೂ ಆಗೋಲ್ಲ.”

ಹೊರಸಾಲು ಎಂದರೆ ಆಸ್ಪತ್ರೆಯ ಹಿಂಭಾಗದ ತಗಡಿನ ಚಪ್ಪರ. ಅಲ್ಲಿ ಎಪ್ಪತ್ತು ಮುಟ್ಟದವರು ಚಾಪೆ ಹಾಸಿಕೊಂಡು ಮಲಗಿರುತ್ತಿದ್ದರು. ಅವರನ್ನು ಅಲ್ಲಿಗೆ ಕಳಿಸುವ ಪೆಟ್ಟಿಗೆ ಸರಿಯಾಗಿದೆಯೆಂದು ಮೂರು ತಿಂಗಳಿಗೊಮ್ಮೆ ಸಹಿ ಹಾಕುತ್ತಿದ್ದವಳು ರುದ್ರಾಣಿಯೇ.

ಅವಳು ಆಸ್ಪತ್ರೆಯಿಂದ ನೇರ ಪ್ರಯೋಗಾಲಯಕ್ಕೆ ಹೋದಳು. ಮಗಳ ರಕ್ತದ ಸಣ್ಣ ಸೀಸೆ ಕೈಯಲ್ಲಿತ್ತು. ಅತ್ತೆಯ ಮಾತು ಸುಳ್ಳೆಂದು ತೋರಿಸಬೇಕು, ಅಷ್ಟೇ ಅವಳ ತಲೆಯಲ್ಲಿದ್ದದ್ದು. ಬೀರುವಿನ ತಳದಿಂದ ಹಳೆಯ ಹಳದಿ ದ್ರಾವಣವೊಂದನ್ನು ಹುಡುಕಿ ತೆಗೆದಳು. ಕಾಲೇಜಿನಲ್ಲಿ ಕಲಿತಿದ್ದ ಪರೀಕ್ಷೆ, ಈಗ ಯಾರೂ ಮಾಡುತ್ತಿರಲಿಲ್ಲ. ರಕ್ತದ ಬಿಳಿ ಕಣಗಳು ರೋಗಾಣುವನ್ನು ನುಂಗಿದಮೇಲೆ ಆಮ್ಲಜನಕದಿಂದಲೇ ಒಂದು ಕಿಡಿ ಹೊತ್ತಿಸಿ ಅದನ್ನು ಸುಟ್ಟು ಕೊಲ್ಲುತ್ತವೆ. ಕಿಡಿ ಹೊತ್ತಿದರೆ ಹಳದಿ ದ್ರಾವಣ ಕಣದೊಳಗೆ ಕಡು ನೀಲಿಯಾಗುತ್ತದೆ.

ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟಳು. ಇಂಪನಳ ಬಿಳಿ ಕಣಗಳು ರೋಗಾಣುಗಳನ್ನು ಹೊಟ್ಟೆತುಂಬ ನುಂಗಿ ಕೂತಿದ್ದವು. ಎಲ್ಲವೂ ಹಳದಿ. ನೂರು ಕಣ ಎಣಿಸಿದಳು, ಒಂದೂ ನೀಲಿಯಿಲ್ಲ. ತನ್ನ ಬೆರಳು ಚುಚ್ಚಿ ನೋಡಿದಳು. ಅದರಲ್ಲೂ ನೂರಕ್ಕೆ ಮೂರು. ದ್ರಾವಣ ಹಳತಾಗಿ ಕೆಟ್ಟಿದೆ ಎಂದುಕೊಂಡಳು. ಖಾತ್ರಿ ಮಾಡಿಕೊಳ್ಳಲು ಕಾಯರಸ ಕುಡಿಯದವರ ರಕ್ತ ಬೇಕಿತ್ತು. ಅಂಥವರು ಅವಳಿಗೆ ಗೊತ್ತಿದ್ದದ್ದು ಒಬ್ಬರೇ.

ದುಂಡಮ್ಮನನ್ನು ಕರೆಯಲು ಹೋದಾಗ ಮುದುಕಿ ಜಗುಲಿಯಲ್ಲಿ ಅರಿಶಿನದ ಕೊಂಬು ಆರಿಸುತ್ತ ಕೂತಿದ್ದಳು. ಅರಿಶಿನ ಕಣದಲ್ಲಿ ನಲವತ್ತು ವರ್ಷ ದುಡಿದವಳು. ಈಗಲೂ ಮಂಡಿಯವರು ಮೂಟೆ ಕಳಿಸುತ್ತಿದ್ದರು.

“ಅತ್ತೆ, ಒಂದು ಹನಿ ರಕ್ತ ಬೇಕು.”

“ಕುಡ್ದಿದ್ದು ಸಾಕಾಗ್ನಿಲ್ವಾ ಇನ್ನೂವಿ?” ಎಂದಳು ದುಂಡಮ್ಮ. ಆದರೆ ಮೊರ ಪಕ್ಕಕ್ಕಿಟ್ಟು ಎದ್ದಳು. ಆಟೋದಲ್ಲಿ ಇಬ್ಬರೂ ಒಂದೊಂದು ಕಡೆಯ ರಸ್ತೆ ನೋಡುತ್ತ ಕೂತಿದ್ದರು.

ದುಂಡಮ್ಮನ ರಕ್ತ ನೀಲಿಯಾಯಿತು. ಕಣದಿಂದ ಕಣಕ್ಕೆ ಶಾಯಿ ಚೆಲ್ಲಿದ ಹಾಗೆ ಕಡು ನೀಲಿ, ನೂರಕ್ಕೆ ತೊಂಬತ್ತು. ದ್ರಾವಣ ಕೆಟ್ಟಿರಲಿಲ್ಲ. ತುಕ್ಕು ತಡೆಯುತ್ತೇವೆಂದು ಕುಡಿದ ರಸ ಮೈಯ ಒಲೆಯನ್ನೇ ಆರಿಸಿತ್ತು.

ರುದ್ರಾಣಿ ಇನ್ನೊಂದು ನೂರು ಕಣ ಎಣಿಸಿದಳು. ಆದರೂ ಲೆಕ್ಕ ತಾಳೆಯಾಗಲಿಲ್ಲ. ತೊಂಬತ್ತೇಳು ಇರುವವಳ ಒಲೆ ಇನ್ನೂ ಉರಿಯುತ್ತಿರುವುದು ಹೇಗೆ? ಪ್ರಯೋಗಾಲಯದ ಚಿಕ್ಕ ಅಳತೆ ಕಡ್ಡಿಯನ್ನು ತೆಗೆದು ಅತ್ತೆಯ ಅಂಗೈಗೆ ಹಿಡಿದಳು. ತೊಂಬತ್ತೇಳು. ರವಿಕೆಯ ತೋಳು ಮೇಲೆ ಸರಿಸಿ ರಟ್ಟೆಯ ಒಳಭಾಗಕ್ಕೆ ಹಿಡಿದಳು.

ನಲವತ್ತೊಂದು.

“ಅಂಗೈಗೆ ಏನು ಹಾಕಿದ್ದೀರಿ?”

“ಏನ ಹಾಕಾನ? ಅರಿಸ್ನ ಮುಟ್ಟೋ ಕೈ. ಎಷ್ಟ್ ತಿಕ್ಕುದ್ರೂ ಹೋಗಲ್ಲ ಕನ.” ದುಂಡಮ್ಮ ಅಂಗೈಯನ್ನು ದೀಪದ ಕೆಳಗೆ ಹಿಡಿದಳು. ರೇಖೆರೇಖೆಯಲ್ಲೂ ಹಳದಿ. ಮದುವೆಯಾಗಿ ಬಂದ ಹೊಸದರಲ್ಲಿ ಆ ಕೈ ಬಡಿಸಿದ್ದನ್ನು ಉಂಡವಳು, ಆಮೇಲೆ ಆ ಕೈಯೊಂದಿಗೆ ಜಗಳವಾಡಿದವಳು, ಒಂದು ದಿನವೂ ಅದನ್ನು ನೋಡಿರಲಿಲ್ಲ. ಅರಿಶಿನವೂ ನೀಲಿ ಬೆಳಕನ್ನು ನುಂಗುತ್ತದೆಂಬುದು ಹತ್ತನೇ ತರಗತಿಯ ಹುಡುಗರಿಗೂ ಹೇಳಿಕೊಡಬಹುದಾದ ವಿಷಯ.

ಆಮೇಲೆ ಅವಳಿಗೆ ಇನ್ನೊಂದು ನೆನಪಾಯಿತು. ಎಪ್ಪತ್ತು ಎಂಬ ಮಿತಿ ಎಲ್ಲಿಂದ ಬಂತು? ಹದಿನೇಳು ವರ್ಷದ ಹಿಂದೆ, ಪೆಟ್ಟಿಗೆ ಊರೂರಿಗೆ ಬರುವ ಮುಂಚೆ ಇನ್ನೂ ಪರೀಕ್ಷೆಯಲ್ಲಿದ್ದಾಗ, ಮೈಸೂರಿನಿಂದ ಹೊಸದಾಗಿ ಕೆಲಸಕ್ಕೆ ಬಂದಿದ್ದ ರುದ್ರಾಣಿ, ರಾಜ್ಯದಲ್ಲೇ ಅತಿ ಗಟ್ಟಿಮುಟ್ಟಾದ ಹೆಂಗಸರು ಎಂದು ಹೆಸರಾದ ನಾನೂರ ಹನ್ನೆರಡು ಜನರ ಅಂಗೈ ಅಳೆದಿದ್ದಳು. ಈ ಊರಿನ ಅರಿಶಿನ ಕಣದ ಹೆಂಗಸರು. ಜೀಪ್ ಓಡಿಸಿದವನು ಮಹಾಲಿಂಗ. ಅವರ ಮುಂದಾಳು ದುಂಡಮ್ಮ.

“ಅವತ್ತು ಸೋಪಲ್ಲಿ ಕೈ ತೊಳ್ಕೊಂಡು ಬನ್ನಿ ಅಂದಿದ್ದೆ ನಾನು,” ಎಂದಳು. “ಎಲ್ಲರೂ ತೊಳೆದಿದ್ದಾರೆ ಅಂತ ಬರೆದು ಸಹಿ ಹಾಕಿದ್ದೆ.”

“ತೊಳ್ದಿದ್ರು ಕನ. ಸರ್ಕಾರ್ದೋರು ಕೈ ನೋಡಾಕ ಬತ್ತಾರ, ಬರೀ ಕೈಲಿ ಹೋದ್ರ ಚಂದ್ವಾ ಅಂತ ನಾನೇ ಅಂದಿ. ಶುಕ್ರವಾರ ಬ್ಯಾರೆ. ಎಲ್ಲಾರೂ ಅರಿಸ್ನ ತಿಕ್ಕಂಡು ಮಿಂದು, ಹಬ್ಬದ ಸೀರ ಉಟ್ಕಂಡು ಬಂದ್ರು.” ದುಂಡಮ್ಮ ಮಾತು ನಿಲ್ಲಿಸಿ ಸೊಸೆಯ ಮುಖ ನೋಡಿದಳು. “ಯಾಕ, ಅದ್ರಿಂದ ಏನಾಯ್ತು?”

ರುದ್ರಾಣಿ ಹೇಳಿದಳು. ಆ ಹೆಂಗಸರು ಪರದೆಯ ಆಚೆಯಿಂದ ಪೆಟ್ಟಿಗೆಗೆ ಕೈ ತೂರಿಸಿದ್ದನ್ನು, ಅಂಕೆಗಳನ್ನಷ್ಟೇ ತಾನು ನೋಡಿದ್ದನ್ನು, ಆ ಅಂಕೆಗಳ ಮೇಲೆ ಎಪ್ಪತ್ತು ನಿಂತದ್ದನ್ನು. ನಿಜವಾದ ಅಂಕೆ ನಲವತ್ತು ಎಂಬುದನ್ನು. ಮನುಷ್ಯ ಮಾತ್ರದವರು ಅನ್ನ ತಿಂದು ಮುಟ್ಟಲಾಗದ ಅಂಕೆಗೆ ಊರೂರನ್ನೇ ಅಟ್ಟಿದ್ದನ್ನು. ದುಂಡಮ್ಮ ಕೇಳಿಸಿಕೊಂಡಳು. ಮನೆಗೆ ನಡೆದೇ ಹೋಗುತ್ತೇನೆಂದು ಎದ್ದು ಹೊರಟಳು.

ಗುರುವಾರ ಬೆಳಿಗ್ಗೆ ರುದ್ರಾಣಿ ಮಂಡಳಿಯ ನಿರ್ದೇಶಕ ಡಾಕ್ಟರ್ ಗುಣಪಾಲಯ್ಯನವರ ಮುಂದೆ ಗಾಜಿನ ಪಟ್ಟಿಗಳನ್ನೂ ಕಾಗದಗಳನ್ನೂ ಹರಡಿದಳು. ಅವರು ತಣ್ಣನೆಯ ಮನುಷ್ಯ. ಮೇಜಿನ ಮೇಲೆ ಅರ್ಧ ಕುಡಿದ ಕಾಯರಸದ ಲೋಟವಿತ್ತು.

“ಒಬ್ಬ ಮುದುಕಿ, ಒಬ್ಬ ಹುಡುಗಿ. ಇದರ ಮೇಲೆ ಇಡೀ ರಾಜ್ಯದ ಮಿತಿ ಬದಲಿಸ್ಬೇಕಾ?”

“ಸರ್, ಇನ್ನೂರು ಜನರ ರಕ್ತ ನೋಡೋಣ. ಎರಡು ದಿನದ ಕೆಲಸ.”

“ನೋಡಿ ಏನು ಹೇಳೋಣ? ಹದಿನಾರು ವರ್ಷ ತಪ್ಪು ಅಳೆದ್ವಿ ಅಂತಾನಾ?” ಅವರು ಕಡತದಿಂದ ಹಳದಿಗಟ್ಟಿದ ಹಾಳೆಯೊಂದನ್ನು ತೆಗೆದು ಅವಳ ಕಡೆ ತಿರುಗಿಸಿದರು. “ಕೆಳಗೆ ಯಾರ ಸಹಿ ಇದೆ ನೋಡಿ. ಸತ್ತವರ ಮನೆಯವರು ಬಂದಾಗ ಮೊದಲು ಬರೋದು ನಿಮ್ಮ ಬಾಗಿಲಿಗೆ. ನಿಮ್ಮ ಯಜಮಾನರೂ ಹಾಗೇ ಹೋದರಲ್ಲವೇ?”

ಹಾಳೆ ತಿರುಗಿಸಿದ ಕೈಯ ತೋರುಬೆರಳಿಗೆ ಪಟ್ಟಿ ಕಟ್ಟಿತ್ತು. ಕಳೆದ ಯುಗಾದಿಯ ಸಭೆಯಲ್ಲೂ ಆ ಪಟ್ಟಿಯನ್ನು ನೋಡಿದ್ದು ರುದ್ರಾಣಿಗೆ ನೆನಪಾಯಿತು. ಈಗ ದೀಪಾವಳಿ ಹತ್ತಿರ ಬಂದಿತ್ತು.

“ಸರ್, ನಿಮ್ಮ ಬೆರಳು?”

ಗುಣಪಾಲಯ್ಯ ಕೈಯನ್ನು ಮೇಜಿನ ಕೆಳಗೆ ಎಳೆದುಕೊಂಡರು. “ಬಾಗಿಲು ಹಾಕ್ಕೊಂಡು ಹೋಗಿ,” ಎಂದರು.

ಅವಳಿಗೆ ಆ ಮನುಷ್ಯನ ಮೇಲೆ ಬಂದ ಅಸಹ್ಯ ಇಷ್ಟಿಷ್ಟಲ್ಲ. ಮೆಟ್ಟಿಲಿಳಿಯುವಾಗ ಅದು ತನ್ನ ಮೇಲೆಯೇ ತಿರುಗಿತು. ಮಗಳ ಕಾಯರಸ ನಿಲ್ಲಿಸಿದರೆ ಒಲೆ ಮತ್ತೆ ಹೊತ್ತಿಕೊಳ್ಳಬಹುದು. ನಿಲ್ಲಿಸಿದರೆ ಎರಡೇ ದಿನದಲ್ಲಿ ರಕ್ಷಾಂಕ ಎಪ್ಪತ್ತಕ್ಕಿಂತ ಕೆಳಗಿಳಿದು ಡ್ರಿಪ್ ಕಿತ್ತು ಹೊರಸಾಲಿಗೆ ಎಸೆಯುತ್ತಾರೆ. ಕುಡಿಸಿದರೆ ಸೋಮವಾರ ಪಾದ ಹೋಗುತ್ತದೆ. ಮಗಳನ್ನು ಇಕ್ಕಟ್ಟಿಗೆ ಸಿಕ್ಕಿಸಿದ್ದು ಅವಳದೇ ಸಹಿ.

ಆಸ್ಪತ್ರೆಗೆ ಬಂದಾಗ ದುಂಡಮ್ಮ ಮೊಮ್ಮಗಳ ಹಾಸಿಗೆಯ ಪಕ್ಕ ಕೂತಿದ್ದಳು. ಮಡಿಲಲ್ಲಿ ಬಟ್ಟಲು. ಬಟ್ಟಲಲ್ಲಿ ಗಟ್ಟಿಯಾಗಿ ಕಲಸಿದ ಅರಿಶಿನ. ಹುಡುಗಿಯ ಎರಡೂ ಅಂಗೈಗೆ ಹಚ್ಚಿ, ಒಣಗಿಸಿ, ತೊಳೆದು, ಮತ್ತೆ ಹಚ್ಚುತ್ತಿದ್ದಳು. ನಾಲ್ಕು ಲೋಟ ಕಾಯರಸ ಕಿಟಕಿಯಾಚೆಯ ಮೋರಿಯಲ್ಲಿ ಹರಿಯುತ್ತಿತ್ತು.

“ಅಮ್ಮ, ಅಜ್ಜಿ ನನ್ನ ಮದುವಣಗಿತ್ತಿ ಮಾಡ್ತಿದ್ದಾಳೆ,” ಎಂದಳು ಇಂಪನ.

ರುದ್ರಾಣಿ ಸುತ್ತ ನೋಡಿದಳು. ಇಂಥದ್ದನ್ನು ಹಿಡಿದು ಕಳ್ಳರೆಂದು ಬರೆದು ಎಷ್ಟು ಜನರನ್ನು ಹೊರಸಾಲಿಗೆ ಕಳಿಸಿದ್ದಳೋ ಲೆಕ್ಕವಿಲ್ಲ. ಬಾಗಿಲ ಪರದೆ ಎಳೆದು ಬಂದು ಮಗಳ ಇನ್ನೊಂದು ಕೈ ಹಿಡಿದುಕೊಂಡಳು. “ಬೆರಳ ಸಂದಿಗೆ ಬೇಡ ಅತ್ತೆ, ಅಲ್ಲಿ ನಿಂತ್ರೆ ಕಣ್ಣಿಗೆ ಕಾಣುತ್ತೆ. ಪೆಟ್ಟಿಗೆ ಅಳೆಯೋದು ಇಲ್ಲಿ,” ಎಂದು ಹೆಬ್ಬೆರಳ ಬುಡ ತೋರಿಸಿದಳು.

ಶುಕ್ರವಾರ ತೊಂಬತ್ತು. ಶನಿವಾರ ತೊಂಬತ್ತೆರಡು. ಅಳೆಯುವ ನರ್ಸ್ ಜಯಶೀಲ ಅಂಕೆ ಬರೆದುಕೊಂಡು ಸುಮ್ಮನೆ ಹೋದಳು. ಗಾಯ ಹಾಗೇ ಇತ್ತು. ಭಾನುವಾರ ಸಂಜೆಯವರೆಗೂ ಹಾಗೇ ಇತ್ತು. ರುದ್ರಾಣಿ ನೀರೂ ಕುಡಿಯದೆ ಕೂತಿದ್ದಳು. ತಾನು ಲೆಕ್ಕ ಹಾಕಿದ್ದೇ ತಪ್ಪಿದ್ದರೆ, ಒಲೆ ಪೂರ್ತಿ ಆರಿಹೋಗಿದ್ದರೆ ಎಂದು ಗಳಿಗೆಗೊಮ್ಮೆ ಆ ತಣ್ಣನೆಯ ಕಾಲನ್ನು ಮುಟ್ಟಿ ನೋಡುತ್ತಿದ್ದಳು.

ಸೋಮವಾರ ಬೆಳಿಗ್ಗೆ ಇಂಪನ ಚೀರಿದಳು. ಹಿಮ್ಮಡಿ ಸಿಡಿಯುತ್ತಿದೆ ಎಂದು ಅತ್ತಳು. ತಿಂಗಳಿಂದ ನೋವೇ ಗೊತ್ತಿಲ್ಲದಿದ್ದ ಕಾಲು ಕೆಂಪಗೆ ಊದಿಕೊಂಡಿತ್ತು. ರುದ್ರಾಣಿ ಅಂಗೈ ಇಟ್ಟು ನೋಡಿದಳು. ಕಾಲು ಕಾದ ಬಾಣಲೆಯ ಹಾಗೆ ಸುಡುತ್ತಿತ್ತು. ಅವಳು ಆ ಬಿಸಿಯ ಮೇಲೆ ಕೆನ್ನೆಯಿಟ್ಟು ಗಳಗಳನೆ ಅತ್ತುಬಿಟ್ಟಳು.

ಶಸ್ತ್ರವೈದ್ಯರು ಬಂದು ಪಟ್ಟಿ ಬಿಚ್ಚಿದರು. ಬೂದು ಬಣ್ಣದ ಅಂಚಿನಲ್ಲಿ ಹಳದಿ ಕೀವು ಕಟ್ಟಿತ್ತು. ಅವರು ಬಹಳ ಹೊತ್ತು ನೋಡಿದರು. “ಇಂಥದ್ದನ್ನ ನೋಡಿ ವರ್ಷಗಳಾದವು,” ಎಂದರು. “ಮೈ ಜಗಳಕ್ಕೆ ಇಳಿದಿದೆ. ಇವತ್ತು ಕಾಲು ಮುಟ್ಟೋದು ಬೇಡ, ಕೀವು ತೆಗೆದು ನೋಡೋಣ.”

ಅವರು ಹೋದಮೇಲೆ ನರ್ಸ್ ಜಯಶೀಲ ಅಳತೆಗೆ ಬಂದಳು. ತೊಂಬತ್ತಾರು. ಹುಡುಗಿಯ ಅಂಗೈಯನ್ನು ಬೆಳಕಿಗೆ ತಿರುಗಿಸಿ ನೋಡಿದಳು, ಆಮೇಲೆ ರುದ್ರಾಣಿಯ ಮುಖ ನೋಡಿದಳು. ರುದ್ರಾಣಿ ಮಗಳ ಕೈ ಮೇಲೆ ಹೊದಿಕೆ ಎಳೆದಳು. ಜಯಶೀಲ ಬಗ್ಗಿ ದುಂಡಮ್ಮನ ಕಿವಿಯ ಹತ್ತಿರ ಕೇಳಿದಳು: “ಅವ್ವ, ಈ ಅರಿಶಿನ ಎಲ್ಲಿ ಸಿಗುತ್ತೆ? ನಮ್ಮಪ್ಪ ಮೂರು ವಾರದಿಂದ ಪುರುಷರ ವಾರ್ಡಲ್ಲಿದ್ದಾರೆ.”

ಹದಿನೈದು ದಿನಕ್ಕೆ ಇಂಪನ ಕುಂಟುತ್ತ ಮನೆಗೆ ಬಂದಳು. ಅದೇ ಮಧ್ಯಾಹ್ನ ರುದ್ರಾಣಿ ಅತ್ತೆಯ ಒಲೆಯ ಮುಂದೆ ಹೋಗಿ ಕೂತಳು. ಒಲೆ ಬೇರೆಯಾದಮೇಲೆ ಮೊದಲ ಸಲ.

“ಅತ್ತೆ, ನಿಮ್ಮ ಮಗನ್ನ ನಾನೇ ಕೊಂದೆ.”

ದುಂಡಮ್ಮ ಒರಳಿಗೆ ಕೊಂಬು ಹಾಕುತ್ತಿದ್ದಳು, ಕೈ ನಿಲ್ಲಿಸಲಿಲ್ಲ. “ನೀನೊಬ್ಳೇ ಅಲ್ಲ. ಅರಿಸ್ನ ತಿಕ್ಕಂಡು ಬನ್ನಿ ಅಂದೋಳು ನಾನು. ಪ್ರಯೋಗಾಲ್ಯದಿಂದ ಮನಗಂಟ ನಡ್ಕ ಬತ್ತಾ ಅದ್ನೇ ಯೋಚ್ನ ಮಾಡ್ದಿ.” ಒನಕೆಯನ್ನು ಸೊಸೆಯ ಕಡೆ ನೂಕಿದಳು. “ಅದ್ಕ ನಿನ್ನ ಮನ್ನಿಸ್ಬುಡ್ತೀನಿ ಅನ್ಕಬ್ಯಾಡ. ನಿನ್ನೂ ಇಲ್ಲ, ನನ್ನೂ ಇಲ್ಲ. ಕುಟ್ಟು.”

ರುದ್ರಾಣಿ ಕುಟ್ಟಿದಳು. ಅಂಗೈ ಬೊಬ್ಬೆ ಎದ್ದರೂ ನಿಲ್ಲಿಸದೆ, ಮೂಟೆ ಮುಗಿಯುವವರೆಗೆ ಕುಟ್ಟಿದಳು.

ತಿಂಗಳ ಮೊದಲ ಸೋಮವಾರ ಅಳತೆ ಕೇಂದ್ರದ ಬಾಗಿಲನ್ನು ಅವಳೇ ತೆಗೆದಳು. ಅಳೆಯುವ ಮುಂಚೆ ಕೈ ತೊಳೆಯಬೇಕೆಂಬುದು ಮಂಡಳಿಯ ನಿಯಮ. ತೊಳೆಯುವ ನೀರು ಯಾವ ಬಣ್ಣದ್ದಿರಬೇಕೆಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಸಾಲಿನ ತಲೆಯಲ್ಲಿ ದುಂಡಮ್ಮ ಹಳದಿ ನೀರು ತುಂಬಿದ ದೊಡ್ಡ ಕೊಳಗವೊಂದನ್ನು ಮುಂದಿಟ್ಟುಕೊಂಡು ಕೂತಿದ್ದಳು, ಬಂದವರ ಮಣಿಕಟ್ಟು ಹಿಡಿದು ಬೈಯುತ್ತ ಒಬ್ಬೊಬ್ಬರ ಕೈಯನ್ನೂ ಅದರಲ್ಲಿ ಅದ್ದಿಸುತ್ತಿದ್ದಳು.

“ಮುಂದಿನವರು ಬನ್ನಿ,” ಎಂದಳು ರುದ್ರಾಣಿ, ಮತ್ತು ತೊಂಬತ್ತೈದು ಎಂದು ಬರೆದುಕೊಂಡಳು.